ರಸ್ತೆಯನ್ನೂ ಆಣೆ ಲೆಕ್ಕದಲ್ಲಿ ಅಳೆಯಿರಿ: ಮೈಸೂರಿನ ಇಬ್ಬರು ಆಯುಕ್ತರಿಗೆ ಒಂದು ಬಹಿರಂಗ ಪತ್ರ

ಮೈಸೂರು ಮಹಾನಗರ ಪಾಲಿಕೆಯ ಆಯುಕ್ತರಿಗೆ ಹಾಗೂ ಮೈಸೂರು ನಗರ ಪೊಲೀಸ್ ಆಯುಕ್ತರಿಗೆ,

ಮಾನ್ಯರೆ,

ನಾನು ಸರ್ವೆ ಇಲಾಖೆಯಲ್ಲಿ ಭೂಮಾಪಕನಾಗಿ ದುಡಿದು ನಿವೃತ್ತನಾದವನು. ಮೊದಲು ಮಂಡ್ಯ ಜಿಲ್ಲೆಯ ನಾಲಾ ಬಯಲಿನಲ್ಲಿ, ಆಮೇಲೆ ಮೈಸೂರು ತಾಲ್ಲೂಕಿನಲ್ಲಿ, ಸರಪಳಿ ಎಳೆದು, ಪೋಡಿ ಮಾಡಿ, ಹದ್ದುಬಸ್ತು ಗುರುತಿಸಿ ಬಾಂದುಕಲ್ಲು ನೆಡಿಸುವುದರಲ್ಲೇ ನನ್ನ ಪ್ರಾಯ ಕಳೆಯಿತು. ಒಂದು ಆಣೆ ಜಾಗಕ್ಕಾಗಿ, ಎಂದರೆ ಗುಂಟೆಯ ಹದಿನಾರರಲ್ಲಿ ಒಂದು ಪಾಲಿಗಾಗಿ, ಒಡಹುಟ್ಟಿದವರು ಕೋರ್ಟಿನ ಮೆಟ್ಟಿಲು ಹತ್ತಿದ್ದನ್ನು ಕಂಡಿದ್ದೇನೆ. ಸ್ವಂತದ ನೆಲವನ್ನು ಇಷ್ಟು ಕಟ್ಟುನಿಟ್ಟಾಗಿ ಅಳೆಯುವ ನಾವು, ಎಲ್ಲರಿಗೂ ಸೇರಿದ ರಸ್ತೆಯಲ್ಲಿ ಯಾವ ವಾಹನ ಎಷ್ಟು ನೆಲ ಹಿಡಿದಿದೆ, ಅಷ್ಟು ನೆಲದಲ್ಲಿ ಎಷ್ಟು ಜನ ಸಾಗುತ್ತಿದ್ದಾರೆ ಎಂಬುದನ್ನು ಮಾತ್ರ ಅಳೆಯುವುದಿಲ್ಲ. ವಾಹನಗಳ ತಲೆ ಎಣಿಸುತ್ತೇವೆ, ಇಷ್ಟು ಸಾವಿರ ವಾಹನ ಹೆಚ್ಚಾಯಿತು ಎನ್ನುತ್ತೇವೆ, ರಸ್ತೆ ಸಾಲದು ಎಂದು ಕೈಚೆಲ್ಲುತ್ತೇವೆ. ಬೈಕಿಗೂ ಕಾರಿಗೂ ಒಂದೊಂದೇ ಎಣಿಕೆ ಹಾಕುವ ಈ ರೂಢಿಯನ್ನು ನಮ್ಮ ನಗರದ ಮಟ್ಟಿಗಾದರೂ ಬಿಡಬೇಕೆಂದು ಕೋರಲು ಈ ಪತ್ರ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ನನ್ನ ಸ್ಕೂಟರ್ ಇದೆ, ಮಗನ ಕಾರೂ ಇದೆ. ಮಳೆಯ ರಾತ್ರಿಯಲ್ಲಿ ಸೊಸೆಯನ್ನು ಹೆರಿಗೆಗೆ ಕರೆದೊಯ್ದದ್ದು ಆ ಕಾರೇ. ಕಾರು ಇಟ್ಟುಕೊಂಡವರ ಮೇಲೆ ನನಗೆ ಯಾವ ದೂರೂ ಇಲ್ಲ. ನಾನು ಕೇಳುತ್ತಿರುವುದು ಅಳತೆಯ ನ್ಯಾಯವನ್ನು.

ನಮ್ಮ ದಾಖಲೆಗಳಲ್ಲಿ ರಸ್ತೆ, ಹಳ್ಳ, ಬಂಡಿದಾರಿಗಳಿರುವ ಜಾಗವನ್ನು ‘ಬಿ ಖರಾಬು’ ಎಂದು ಬರೆಯುತ್ತೇವೆ. ಸಾಗುವಳಿಗೆ ಒದಗದ, ಆದರೆ ಸಾರ್ವಜನಿಕರಿಗೆ ಮೀಸಲಾದ ನೆಲ ಎಂದು ಅದರ ಅರ್ಥ. ಹಳ್ಳಿಯಲ್ಲಿ ಆ ಹೆಸರು ಸಲ್ಲುತ್ತದೆ. ನಗರದಲ್ಲಾದರೋ ಅದಕ್ಕಿಂತ ಬೆಲೆಬಾಳುವ ನೆಲ ಇನ್ನೊಂದಿಲ್ಲ. ಏಕೆಂದರೆ ಮನೆ, ಅಂಗಡಿ, ಆಸ್ಪತ್ರೆ ಎಲ್ಲಕ್ಕೂ ಅದರ ಮೇಲೆಯೇ ಹಾದು ಹೋಗಬೇಕು, ಮತ್ತು ಅದನ್ನು ಹೊಸದಾಗಿ ಹುಟ್ಟಿಸಲು ಬರುವುದಿಲ್ಲ. ಮೈಸೂರು 1903ರಲ್ಲೇ ನಗರ ಸುಧಾರಣೆಗೆಂದು ಟ್ರಸ್ಟ್ ಮಂಡಳಿ ಕಟ್ಟಿಕೊಂಡ ಊರು. ಆಗ ಅಗಲಗೊಳಿಸಿದ ಬೀದಿಗಳಲ್ಲಿ ಓಡಾಡುತ್ತಿದ್ದದ್ದು ಜಟಕಾ, ಎತ್ತಿನ ಗಾಡಿ ಮತ್ತು ಕಾಲ್ನಡಿಗೆಯ ಜನ. ಹಳೆಯ ಪೇಟೆಯ ಎರಡೂ ಬದಿಯಲ್ಲಿ ಪಾರಂಪರಿಕ ಕಟ್ಟಡಗಳಿರುವಾಗ ಸಯ್ಯಾಜಿರಾವ್ ರಸ್ತೆಯನ್ನಾಗಲಿ ಅಶೋಕ ರಸ್ತೆಯನ್ನಾಗಲಿ ಇನ್ನು ಅಗಲ ಮಾಡುವುದು ಯಾರಿಂದಲೂ ಆಗದು, ಆಗಲೂಬಾರದು. ಇರುವ ನೆಲವನ್ನು ಲೆಕ್ಕವಿಟ್ಟು ಹಂಚುವುದೊಂದೇ ಉಳಿದಿರುವ ದಾರಿ.

ಹೋದ ತಿಂಗಳು ಒಂದು ಭಾನುವಾರ ಬೆಳಗ್ಗೆ ನಮ್ಮ ಬೀದಿಯಲ್ಲಿ ಟೇಪು ಹಿಡಿದು ನಿಂತೆ. ಟೇಪಿನ ಇನ್ನೊಂದು ತುದಿಯನ್ನು ಮೊಮ್ಮಗ ಹಿಡಿದ. ಎದುರು ಮನೆಯವರ ಮಾರುತಿ ಸ್ವಿಫ್ಟ್ 3.86 ಮೀಟರ್ ಉದ್ದ, ಕನ್ನಡಿಗಳನ್ನು ಬಿಟ್ಟು 1.73 ಮೀಟರ್ ಚಿಲ್ಲರೆ ಅಗಲವಿದೆ. ಗುಣಿಸಿದರೆ ಸುಮಾರು 72 ಚದರ ಅಡಿ. ಒಂದು ಗುಂಟೆಗೆ 1089 ಚದರ ಅಡಿಯಾದ್ದರಿಂದ ಒಂದು ಆಣೆಗೆ 68 ಚದರ ಅಡಿ ಬರುತ್ತದೆ. ಹಾಗಾಗಿ ಒಂದು ಸಣ್ಣ ಕಾರು ಬೀದಿಯಲ್ಲಿ ನಿಂತಿತೆಂದರೆ ಆಣೆಗಿಂತ ತುಸು ಹೆಚ್ಚೇ ನೆಲ ಹಿಡಿಯಿತೆಂದು ಲೆಕ್ಕ. ಅದರ ಮುಂದಿದ್ದ ಹ್ಯುಂಡೈ ಕ್ರೆಟಾ 4.33 ಮೀಟರ್ ಉದ್ದ, 1.79 ಮೀಟರ್ ಅಗಲ. ಅದು 83 ಚದರ ಅಡಿ. ನನ್ನ ಹೋಂಡಾ ಆ್ಯಕ್ಟಿವಾ 1.83 ಮೀಟರ್ ಉದ್ದ, 70 ಸೆಂಟಿಮೀಟರ್ ಅಗಲ. 14 ಚದರ ಅಡಿಯೂ ತುಂಬುವುದಿಲ್ಲ. ಹಾಲಿನವರ ಹೀರೊ ಸ್ಪ್ಲೆಂಡರ್ ಹದಿನೈದೂವರೆ ಚದರ ಅಡಿ. ಬರಿಯ ಮೈಯಳತೆಯಲ್ಲೇ ಒಂದು ಕಾರಿನ ಜಾಗದಲ್ಲಿ ಐದು ಸ್ಕೂಟರ್ ಹಿಡಿಯುತ್ತವೆ.

ಆದರೆ ಕಾರು ತನ್ನ ಮೈಯಷ್ಟೇ ಜಾಗದಲ್ಲಿ ನಿಲ್ಲಲಾರದು. ಬಾಗಿಲು ತೆಗೆಯಬೇಕು, ಹಿಂದೆ ಮುಂದೆ ತಿರುಗಿಸಿಕೊಳ್ಳಬೇಕು. ಆದ್ದರಿಂದಲೇ ಕಾರಿನ ನಿಲುಗಡೆ ಅಂಕಣವನ್ನು ಸಾಮಾನ್ಯವಾಗಿ 5 ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲಕ್ಕೆ ಗುರುತು ಹಾಕುತ್ತಾರೆ. ಅದು 134 ಚದರ ಅಡಿ, ಹೆಚ್ಚುಕಡಿಮೆ ಎರಡು ಆಣೆ. ಮೈಸೂರಿನವರೆಲ್ಲರಿಗೂ ಗೊತ್ತಿರುವ ಮೂವತ್ತು–ನಲವತ್ತರ ಸೈಟಿನ ಒಂಬತ್ತನೇ ಒಂದು ಪಾಲು. ಅಷ್ಟೇ ನೆಲದಲ್ಲಿ ಪ್ರತಿ ಬೈಕಿಗೆ 2 ಮೀಟರ್ ಉದ್ದ, 80 ಸೆಂಟಿಮೀಟರ್ ಅಗಲ ಬಿಟ್ಟರೂ ಆರು ಬೈಕುಗಳು ಒಂದಕ್ಕೊಂದು ತಾಗದೆ ನಿಲ್ಲುತ್ತವೆ. ವಾಹನದ ಉದ್ದವನ್ನು ಸರ್ಕಾರ ಅಳೆದದ್ದೇ ಇಲ್ಲವೆಂದಲ್ಲ. ನಾಲ್ಕು ಮೀಟರ್ ಒಳಗಿನ ಸಣ್ಣ ಕಾರುಗಳಿಗೆ ಕೇಂದ್ರದ ತೆರಿಗೆಯಲ್ಲಿ ರಿಯಾಯಿತಿ ಬಂದದ್ದು 2006ರ ಬಜೆಟ್ಟಿನಲ್ಲಿ, ಮತ್ತು ಇಂದು ನಮ್ಮ ಬೀದಿಗಳಲ್ಲಿ ಕಾಣುವ ಎಷ್ಟೋ ಕಾರುಗಳ ಬೆನ್ನು ಕತ್ತರಿಸಿದಂತೆ ಮೊಟಕಾಗಿರುವುದಕ್ಕೆ ಆ ನಾಲ್ಕು ಮೀಟರಿನ ಗೆರೆಯೇ ಕಾರಣ. ಕಾರ್ಖಾನೆಯ ಬಾಗಿಲಲ್ಲಿ ಉದ್ದ ಅಳೆಯುವ ನಾವು ಅದೇ ವಾಹನ ಬೀದಿಗೆ ಬಂದ ಮೇಲೆ ಅಳೆಯುವುದನ್ನು ಮರೆಯುತ್ತೇವೆ.

ಇದು ನಿಂತ ವಾಹನದ ಮಾತು. ಓಡುವ ವಾಹನದ ಲೆಕ್ಕ ಬೇರೆ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬೈಕು ಕಾರಿನ ಐದನೇ ಒಂದು ಪಾಲು ಎಂದು ಎಲ್ಲ ಕಡೆಗೂ ಒಂದೇ ಸೂತ್ರ ಹಚ್ಚಿದರೆ ಅದೂ ತಪ್ಪಾಗುತ್ತದೆ.

ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಹೋಗುವ ವಾಹನ ಒಂದು ಸೆಕೆಂಡಿಗೆ 10 ಮೀಟರ್ ಕ್ರಮಿಸುತ್ತದೆ. ಮುಂದಿನವನು ದಿಢೀರನೆ ನಿಂತರೆ ಹಿಂದಿನವನು ಡಿಕ್ಕಿ ಹೊಡೆಯದಿರಬೇಕಾದರೆ ನಡುವೆ ಕನಿಷ್ಠ ಎರಡು ಸೆಕೆಂಡಿನ ಅಂತರ ಇರಬೇಕು. ಎಂದರೆ 20 ಮೀಟರ್. ಈ ಅಂತರ ಕಾರಿಗೆ ಎಷ್ಟೋ ಬೈಕಿಗೂ ಅಷ್ಟೇ, ಏಕೆಂದರೆ ಮನುಷ್ಯನ ಕಣ್ಣು ಕಂಡು ಕೈ ಬ್ರೇಕಿಗೆ ಹೋಗುವ ಹೊತ್ತು ಎರಡರಲ್ಲೂ ಒಂದೇ. ಹಾಗಾಗಿ ಆ ವೇಗದಲ್ಲಿ ಒಂದು ಕಾರು ತನ್ನ ಮೈಯೂ ಸೇರಿ ರಸ್ತೆಯ 24 ಮೀಟರ್ ಉದ್ದ ಬಳಸಿದರೆ ಸ್ಕೂಟರು 22 ಮೀಟರ್ ಬಳಸುತ್ತದೆ. ಉದ್ದದಲ್ಲಿ ಉಳಿತಾಯವೇ ಇಲ್ಲ. ಉಳಿತಾಯವಿರುವುದು ಅಗಲದಲ್ಲಿ. ಮೂರೂವರೆ ಮೀಟರ್ ಅಗಲದ ಪಥದಲ್ಲಿ ಕಾರು ಒಂದೇ ಹೋಗಬಲ್ಲದು, ಬೈಕುಗಳು ತುಸು ಹಿಂದುಮುಂದಾಗಿ ಎರಡು ಸಾಲಿನಲ್ಲಿ ಹೋಗಬಲ್ಲವು. ವೇಗ ಏರಿದಷ್ಟೂ ಅಂತರ ದೊಡ್ಡದಾಗುತ್ತದೆ, ಮೈಯಳತೆಯ ವ್ಯತ್ಯಾಸ ಅದರಲ್ಲಿ ಕರಗಿಹೋಗುತ್ತದೆ. ವೇಗ ಇಳಿದಷ್ಟೂ ಅಂತರ ಕುಗ್ಗಿ, ಕೊನೆಗೆ ನಿಂತಾಗ ಮೈಯಳತೆಯೊಂದೇ ಉಳಿಯುತ್ತದೆ. ಆದ್ದರಿಂದ ಬೈಕಿನ ಜಾಗದ ಉಳಿತಾಯ ಅತಿ ಹೆಚ್ಚು ಇರುವುದು ವಾಹನಗಳು ತೆವಳುವ, ನಿಲ್ಲುವ, ಮತ್ತೆ ಹೊರಡುವ ಕಡೆ: ದೊಡ್ಡ ಗಡಿಯಾರದ ಸುತ್ತ, ದೇವರಾಜ ಮಾರುಕಟ್ಟೆಯ ಬದಿಯಲ್ಲಿ, ಶಿವರಾಂಪೇಟೆಯಲ್ಲಿ, ಸಂತೆಪೇಟೆಯಲ್ಲಿ. ಹೊರವರ್ತುಲ ರಸ್ತೆಗೆ ಹೋದರೆ ಆ ಉಳಿತಾಯ ಬಹುಮಟ್ಟಿಗೆ ಇಲ್ಲವಾಗುತ್ತದೆ.

ರಸ್ತೆ ಶಾಸ್ತ್ರ ಬಲ್ಲವರ ಲೆಕ್ಕಗಳಲ್ಲೂ ಇದೇ ಏರಿಳಿತ ಕಾಣುತ್ತದೆ. ಎಂಜಿನಿಯರುಗಳು ಕಾರನ್ನು ಒಂದು ಎಂದಿಟ್ಟುಕೊಂಡು ಉಳಿದ ವಾಹನಗಳನ್ನು ಅದರ ಮಾನದಲ್ಲಿ ಎಣಿಸುತ್ತಾರೆ. ಈ ಮಾನವನ್ನು ಅವರು ಪಿಸಿಯು ಎನ್ನುತ್ತಾರೆ. ರಸ್ತೆ ಎಂಜಿನಿಯರುಗಳ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1990ರಲ್ಲಿ ನಗರದ ರಸ್ತೆಗಳಿಗಾಗಿ ಹೊರತಂದ 106ನೇ ಸಂಖ್ಯೆಯ ಮಾರ್ಗಸೂಚಿಯಲ್ಲಿ, ಒಟ್ಟು ವಾಹನಗಳಲ್ಲಿ ದ್ವಿಚಕ್ರ ವಾಹನಗಳು ಶೇಕಡಾ 5ರಷ್ಟಿದ್ದರೆ ಒಂದೊಂದಕ್ಕೂ ಅರ್ಧ ಕಾರಿನ ಲೆಕ್ಕ, ಶೇಕಡಾ 10 ಮತ್ತು ಅದಕ್ಕೂ ಮೇಲಿದ್ದರೆ ಮುಕ್ಕಾಲು ಕಾರಿನ ಲೆಕ್ಕ ಕೊಟ್ಟಿದೆ. ಮೈಸೂರಿನಂಥ ಊರಿಗೆ ಇದನ್ನು ಹಚ್ಚಿದರೆ ನಾಲ್ಕು ಸ್ಕೂಟರುಗಳು ಮೂರು ಕಾರಿಗೆ ಸಮ ಎಂದಾಗುತ್ತದೆ. ರಾಮಸ್ವಾಮಿ ವೃತ್ತದ ಸಿಗ್ನಲಿನಲ್ಲಿ ಒಮ್ಮೆ ನಿಂತು ನೋಡಿದವರು ಯಾರೂ ಇದನ್ನು ಒಪ್ಪಲಾರರು. ಆಮೇಲೆ ರೂರ್ಕಿಯ ಐಐಟಿಯಲ್ಲಿದ್ದ ಪ್ರೊಫೆಸರ್ ಸತೀಶ್ ಚಂದ್ರ ಮತ್ತು ಅವರ ಸಹೋದ್ಯೋಗಿಗಳು ನಮ್ಮ ದೇಶದ ಬೆರಕೆ ಸಂಚಾರಕ್ಕೆ ತಕ್ಕ ಬೇರೊಂದು ರೀತಿ ಹಾಕಿಕೊಟ್ಟರು. ಆ ರೀತಿಯಲ್ಲಿ ಎರಡೇ ಸಂಗತಿ ನೋಡುತ್ತಾರೆ: ವಾಹನದ ವೇಗ ಮತ್ತು ಅದು ನೆಲದ ಮೇಲೆ ಆವರಿಸುವ ಜಾಗ. ಅವರು ಕಾರಿಗೆ ಇಟ್ಟುಕೊಂಡ ಜಾಗ 5.36 ಚದರ ಮೀಟರ್, ದ್ವಿಚಕ್ರ ವಾಹನಕ್ಕೆ 1.20 ಚದರ ಮೀಟರ್. ಎರಡೂ ಒಂದೇ ವೇಗದಲ್ಲಿ ಹೋಗುತ್ತಿದ್ದರೆ ಬೈಕು 0.22 ಕಾರಿಗೆ ಸಮವಾಗುತ್ತದೆ. 2017ರಲ್ಲಿ ಕೇಂದ್ರ ರಸ್ತೆ ಸಂಶೋಧನಾ ಸಂಸ್ಥೆ ರಸ್ತೆಯ ಸಾಮರ್ಥ್ಯ ಲೆಕ್ಕ ಹಾಕಲು ಭಾರತದ ರಸ್ತೆಗಳಿಗೆಂದೇ ಒಂದು ಕೈಪಿಡಿಯನ್ನೂ ಹೊರತಂದಿದೆ. ಮುಕ್ಕಾಲು ಎಲ್ಲಿ, ಐದನೇ ಒಂದು ಎಲ್ಲಿ! ಒಂದು ಸಿಗ್ನಲಿನ ಹಸಿರು ಎಷ್ಟು ಸೆಕೆಂಡು ಇರಬೇಕು, ಒಂದು ರಸ್ತೆ ತುಂಬಿದೆಯೋ ಇಲ್ಲವೋ ಎಂಬ ತೀರ್ಮಾನಗಳೆಲ್ಲ ಈ ಅಂಕಿಯನ್ನೇ ಆಧರಿಸಿರುವುದರಿಂದ, ನಗರದಲ್ಲಿ ನಡೆಯುವ ಸಂಚಾರ ಸಮೀಕ್ಷೆಗಳಲ್ಲಿ ಯಾವ ಮಾನ ಬಳಸಿದ್ದಾರೆ ಎಂಬುದನ್ನು ತಾವಿಬ್ಬರೂ ಮೊದಲು ಕೇಳಿ ತಿಳಿದುಕೊಳ್ಳಬೇಕೆಂದು ವಿನಂತಿಸುತ್ತೇನೆ. ಮೂವತ್ತಡಿ ಸರಪಳಿ ಹಿಡಿದು ಮೂವತ್ಮೂರಡಿ ಎಂದು ಬರೆದರೆ ಇಡೀ ಗ್ರಾಮದ ನಕ್ಷೆಯೇ ತಪ್ಪುತ್ತದೆ, ಇದೂ ಹಾಗೆಯೇ.

ಈಗ ಸಿಗ್ನಲಿನ ವಿಷಯಕ್ಕೆ ಬರುತ್ತೇನೆ. ಕೆಂಪು ದೀಪ ಬಿದ್ದಾಗ ಒಂದೇ ಪಥದಲ್ಲಿ 20 ಕಾರುಗಳು ಒಂದರ ಹಿಂದೊಂದು ನಿಂತವೆಂದು ಇಟ್ಟುಕೊಳ್ಳೋಣ. ಕಾರಿನ ಉದ್ದ, ನಡುವಿನ ಸಂದು ಎರಡೂ ಸೇರಿ ಒಂದಕ್ಕೆ 6 ಮೀಟರ್ ಹಿಡಿದರೆ ಸಾಲು 120 ಮೀಟರ್, ನನ್ನ ಹಳೆಯ ಲೆಕ್ಕದಲ್ಲಿ ಹನ್ನೆರಡು ಸರಪಳಿ. ಅದೇ ಪಥದಲ್ಲಿ 20 ಬೈಕುಗಳು ಮೂರು ಮೂರರಂತೆ ನಿಂತರೆ ಏಳು ಸಾಲಿನಲ್ಲಿ ಮುಗಿಯುತ್ತವೆ. 18 ಮೀಟರ್ ಸಾಕು. ಈ ವ್ಯತ್ಯಾಸ ಬರಿಯ ಕಾಯುವ ಹೊತ್ತಿನದಲ್ಲ. ಹಳೆಯ ಪೇಟೆಯಲ್ಲಿ ವೃತ್ತಗಳು ಒಂದಕ್ಕೊಂದು ಹತ್ತಿರವಿವೆ. ಒಂದು ಸಿಗ್ನಲಿನ ಸಾಲು ಬೆಳೆದು ಹಿಂದಿನ ಕೂಡುರಸ್ತೆಯ ಬಾಯಿಗೆ ಬಂದು ನಿಂತಿತೆಂದರೆ, ಆ ಸಾಲಿಗೆ ಏನೂ ಸಂಬಂಧವಿಲ್ಲದೆ ಅಡ್ಡ ಹಾಯಬೇಕಾದವರೂ ಸಿಕ್ಕಿಬೀಳುತ್ತಾರೆ. ಅಲ್ಲಿಂದ ಮುಂದೆ ಹಸಿರು ದೀಪ ಬಂದರೂ ಹೋಗಲು ಜಾಗವಿರುವುದಿಲ್ಲ. ದಸರೆಯ ದಿನಗಳಲ್ಲಿ ಅರಮನೆಯ ಸುತ್ತ ಏಕಮುಖ ಸಂಚಾರ ಮಾಡಿದರೂ ಬಿಗಿಯುವ ಗಂಟು ಇದೇ.

ಬೈಕಿನವರು ಕಾರುಗಳ ಸಂದಿಯಲ್ಲಿ ನುಸುಳಿ ಮುಂದೆ ಬರುವುದನ್ನು ಅಶಿಸ್ತು ಎಂದು ಬೈಯುವವರು ಬಹಳ. ನಾನೂ ಬೈದವನೇ. ಕಾರಿನ ಕನ್ನಡಿಗೆ ಹ್ಯಾಂಡಲು ತಾಗಿಸಿಕೊಂಡು, ಒಂದು ಕಾಲು ನೆಲಕ್ಕೆ ಊರುತ್ತ ಊರುತ್ತ ಬಂದು, ಕೊನೆಗೆ ಪಾದಚಾರಿಗಳ ಪಟ್ಟೆಯ ಮೇಲೆಯೇ ಬಂದು ನಿಲ್ಲುತ್ತಾರೆ. ಕೈಯಲ್ಲಿ ಚೀಲ ಹಿಡಿದ ಅಜ್ಜಿಯೊಬ್ಬರು ಆ ಚಕ್ರಗಳ ನಡುವೆ ದಾರಿ ಹುಡುಕಿಕೊಂಡು ರಸ್ತೆ ದಾಟುತ್ತಾರೆ. ಅದು ಖಂಡಿತ ತಪ್ಪು. ಆದರೆ ನುಸುಳುವಿಕೆಗೆ ಒಂದು ಕಾರಣವೂ ಇದೆ, ಒಂದು ಪ್ರಯೋಜನವೂ ಇದೆ. ಎರಡು ಕಾರುಗಳ ನಡುವಿನ ಸಂದು ಬೈಕು ಬಾರದಿದ್ದರೆ ಯಾರಿಗೂ ಒದಗದ ನೆಲ. ಮುಂದೆ ಸೇರಿಕೊಂಡ ಬೈಕುಗಳು ಹಸಿರು ಬಿದ್ದ ನಾಲ್ಕೈದು ಸೆಕೆಂಡಿನಲ್ಲಿ ವೃತ್ತ ದಾಟಿಬಿಡುತ್ತವೆ, ಹಿಂದಿನ ಕಾರುಗಳ ಸಾಲು ಅಷ್ಟರ ಮಟ್ಟಿಗೆ ಮೋಟಾಗುತ್ತದೆ. ತೈವಾನಿನಲ್ಲಿ ಇದನ್ನು ಅರಿತು ಸಿಗ್ನಲುಗಳಲ್ಲಿ ಬೈಕುಗಳಿಗೆಂದೇ ಒಂದು ಚೌಕ ಬರೆದಿದ್ದಾರೆ. ಇಂಡೊನೇಷ್ಯಾದ ಬಾಂಡುಂಗ್ ನಗರದಲ್ಲಿ ಅಂಥ ಚೌಕಕ್ಕೆ ಕೆಂಪು ಬಣ್ಣ ಬಳಿದಿದ್ದಾರೆ. ಮೊದಲು ಪಾದಚಾರಿಗಳ ಪಟ್ಟೆ, ಅದರ ಹಿಂದೆ ಬೈಕುಗಳ ಚೌಕ, ಅದರ ಹಿಂದೆ ಕಾರುಗಳು ನಿಲ್ಲುವ ಗೆರೆ. ಬೇಕಾಗುವುದು ನಾಲ್ಕೈದು ಮೀಟರ್ ನೆಲ ಮತ್ತು ಒಂದಷ್ಟು ಬಣ್ಣ. ಮೊದಲ ಕೆಲವು ವಾರ ನಿಂತು ತಿಳಿಹೇಳಲು ಒಬ್ಬ ಸಂಚಾರ ಪೊಲೀಸರು ಬೇಕಾಗಬಹುದು. ಚೌಕ ಬರೆದರೆ ಪಾದಚಾರಿಗಳ ಪಟ್ಟೆಯ ಮೇಲೆ ಚಕ್ರ ಇಟ್ಟವನಿಗೆ ದಂಡ ಹಾಕುವ ನೈತಿಕ ಹಕ್ಕೂ ತಮಗೆ ಬರುತ್ತದೆ, ಏಕೆಂದರೆ ಆಗ ಅವನಿಗೆ ನಿಲ್ಲಲು ತನ್ನದೇ ಆದ ಜಾಗ ಇರುತ್ತದೆ.

ನಿಲುಗಡೆಯ ವಿಷಯದಲ್ಲಿ ನನ್ನ ಸ್ವಂತ ಅನುಭವವೊಂದನ್ನು ಹೇಳಬೇಕು. ಮಂಡಿನೋವಿಗೆಂದು ನನ್ನ ಮನೆಯವರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಖಾಸಗಿ ಆಸ್ಪತ್ರೆಯೊಂದಕ್ಕೆ ಹೋಗಿದ್ದೆ. ನೆಲಮಾಳಿಗೆ ಕಾರುಗಳಿಗೆ ಮಾತ್ರ, ಗಾಡಿ ಹೊರಗೆ ಹಾಕಿ ಎಂದರು. ಹೊರಗೆ, ಔಷಧಿ ಅಂಗಡಿಯ ಮುಂದೆ, ಬೈಕುಗಳು ಹ್ಯಾಂಡಲಿಗೆ ಹ್ಯಾಂಡಲು ಹೆಣೆದುಕೊಂಡು ನಿಂತಿದ್ದವು. ನನ್ನದನ್ನೂ ಹೇಗೋ ತುರುಕಿ ಒಳಗೆ ಹೋದೆ. ಹಿಂತಿರುಗಿ ಬಂದು ಹಿಂದಕ್ಕೆ ಎಳೆಯುವಾಗ ಪಕ್ಕದ ಬೈಕಿನ ಫುಟ್‌ರೆಸ್ಟು ನನ್ನ ಸ್ಟ್ಯಾಂಡಿಗೆ ಸಿಕ್ಕಿಕೊಂಡಿತ್ತು. ಬಿಡಿಸಲು ಬಗ್ಗಿದಾಗ ಮೂರು ಬೈಕುಗಳು ಒಂದರ ಮೇಲೊಂದು ವಾಲಿಬಿದ್ದು, ಆಗತಾನೆ ಬಂದು ನಿಂತಿದ್ದ ಒಂದರ ಬಿಸಿ ಸೈಲೆನ್ಸರು ನಮ್ಮ ಮನೆಯವರ ಮೀನಖಂಡಕ್ಕೆ ತಗುಲಿತು. ಸೀರೆಯಂಚು ಕರಕಾಗಿ ಅಂಟಿಕೊಂಡಿತ್ತು. ಮಂಡಿಗೆಂದು ಹೋದವರಿಗೆ ಸುಟ್ಟಗಾಯಕ್ಕೂ ಮುಲಾಮು ಬರೆಸಿಕೊಂಡು ಬಂದೆವು. ಆ ಗುರುತು ಇನ್ನೂ ಇದೆ. ಪಕ್ಕದಲ್ಲೇ ಒಂದು ಕಾರು ಆರು ಬೈಕಿನ ಜಾಗದಲ್ಲಿ ನಿಂತಿತ್ತು, ಒಳಗೆ ಚಾಲಕ ಒಬ್ಬರೇ ಕುಳಿತು ಯಾರಿಗೋ ಕಾಯುತ್ತಿದ್ದರು. ಅವರ ತಪ್ಪು ಏನೂ ಇಲ್ಲ. ಗೆರೆ ಎಳೆದಿದ್ದದ್ದೇ ಹಾಗೆ. ಕಾರಿಗೆ ಚೌಕ ಬರೆದು, ಬೈಕಿಗೆ ‘ಉಳಿದ ಕಡೆ’ ಎಂದು ಬಿಟ್ಟರೆ ಹೀಗೆಯೇ ಆಗುತ್ತದೆ.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ರಸ್ತೆಯ ಅಂಚಿಗೆ ಉದ್ದುದ್ದವಾಗಿ ನಿಂತ ಕಾರು ಅಂಚಿನಿಂದ ಸುಮಾರು 2 ಮೀಟರ್ ರಸ್ತೆಯೊಳಗೆ ಚಾಚಿಕೊಳ್ಳುತ್ತದೆ. ಅಂಚಿಗೆ ನೇರವಾಗಿ ಮುಖ ಮಾಡಿ ನಿಂತ ಬೈಕೂ ಅಷ್ಟೇ ಚಾಚಿಕೊಳ್ಳುತ್ತದೆ. ಎಂದರೆ ಓಡಾಡುವ ವಾಹನಗಳಿಂದ ಒಂದಂಗುಲವನ್ನೂ ಕಿತ್ತುಕೊಳ್ಳದೆ, ಒಂದು ಕಾರಿನ ಅಂಕಣವನ್ನು ಆರು ಬೈಕುಗಳ ಅಂಕಣವಾಗಿ ಬದಲಿಸಬಹುದು. ದೇವರಾಜ ಅರಸು ರಸ್ತೆಯಂಥ ಕಡೆ ಪ್ರತಿ ನಾಲ್ಕು ಕಾರಿನ ಅಂಕಣಗಳಲ್ಲಿ ಒಂದನ್ನು ಹೀಗೆ ಮಾಡಿದರೂ ಮೂರು ಕಾರು, ಆರು ಬೈಕು ನಿಲ್ಲುತ್ತವೆ. ನಾಲ್ಕು ಗ್ರಾಹಕರ ಜಾಗಕ್ಕೆ ಒಂಬತ್ತು ಗ್ರಾಹಕರು ಬಂದರೆ ಅಂಗಡಿಯವರೂ ಬೇಡವೆನ್ನಲಾರರು. ಮರದ ಬುಡ, ವಿದ್ಯುತ್ ಕಂಬ, ತಿರುವಿನ ಸಮೀಪ ಎಂದು ಕಾರು ಹಿಡಿಸದ ಮೂಲೆಗಳು ಪ್ರತಿ ಬೀದಿಯಲ್ಲೂ ಇವೆ. ನೋಟಕ್ಕೆ ಅಡ್ಡಿಯಾಗದ ಕಡೆ ಅಲ್ಲೆಲ್ಲ ಬೈಕಿನ ಅಂಕಣ ಹಾಕಬಹುದು. ಮುಂದೆ ನಿಲುಗಡೆ ಶುಲ್ಕ ವಿಧಿಸುವ ಯೋಚನೆಯಿದ್ದರೆ, ಅದನ್ನು ಹಿಡಿದ ನೆಲದ ಪ್ರಕಾರ, ಇಷ್ಟು ಆಣೆಗೆ ಇಷ್ಟು ಎಂಬಂತೆ, ನಿಗದಿ ಮಾಡಿ. ವಾಹನಕ್ಕೆ ಇಷ್ಟು ಎಂದು ಮಾಡಬೇಡಿ.

ಆಣೆ ಲೆಕ್ಕ ಹಿಡಿದ ಮೇಲೆ ಅದನ್ನು ಬೈಕಿನ ಪರವಾಗಿ ಮಾತ್ರ ಬಳಸುವುದು ಸಲ್ಲದು. ನಗರ ಸಾರಿಗೆಯ ಬಸ್ಸು 12 ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲ. ಹೆಚ್ಚುಕಡಿಮೆ ಐದು ಆಣೆ. ಅದರಲ್ಲಿ 50 ಜನರಿದ್ದರೆ ತಲೆಗೆ ಆರೂವರೆ ಚದರ ಅಡಿ. ಒಬ್ಬನೇ ಹೋಗುವ ಸ್ಕೂಟರಿನಲ್ಲಿ ತಲೆಗೆ 14, ಹಿಂದೆ ಒಬ್ಬರನ್ನು ಕೂರಿಸಿಕೊಂಡರೆ 7. ಒಬ್ಬರೇ ಇರುವ ಸ್ವಿಫ್ಟಿನಲ್ಲಿ 72, ನಾಲ್ವರು ಕುಳಿತರೆ 18. ತುಂಬಿದ ಕಾರು ಒಂಟಿ ಸವಾರನ ಸ್ಕೂಟರಿಗಿಂತ ಬಹಳ ದೂರವೇನಿಲ್ಲ ಎಂಬುದನ್ನು ಬೈಕಿನವರು ಒಪ್ಪಬೇಕು. ಬಸ್ಸಿಗೆ ಇಬ್ಬರೂ ದಾರಿ ಬಿಡಬೇಕು. ವಾಹನದ ಬದಲು ಮನುಷ್ಯರನ್ನು ಎಣಿಸಿ ಎಂದು ನಾನು ಕೇಳುತ್ತಿರುವುದು ಇದಕ್ಕಾಗಿಯೇ. ಬೆಳಗಿನ ಆರಕ್ಕೆ ಚಿಕ್ಕ ಗಡಿಯಾರದ ಬಳಿ ನಿಂತರೆ, ಟಿವಿಎಸ್ ಎಕ್ಸೆಲ್ಲಿನ ಹಿಂದೆ ಒದ್ದೆ ಗೋಣಿ ಹೊದಿಸಿದ ಹೂವಿನ ಬುಟ್ಟಿ, ಮುಂದೆ ಕಾಲಿಡುವ ಕಡೆ ಬಾಳೆಲೆಯ ಕಟ್ಟು, ಹ್ಯಾಂಡಲಿನ ಎರಡೂ ಬದಿಗೆ ವೀಳ್ಯದೆಲೆಯ ಚೀಲ ತೂಗಿಸಿಕೊಂಡು ಬರುವ ರೈತ ಕಾಣುತ್ತಾನೆ. ಕಾಲಿಡಲು ಜಾಗವಿಲ್ಲದೆ ಮಂಡಿಗಳನ್ನು ಹೊರಕ್ಕೆ ಚಾಚಿ ಕುಳಿತಿರುತ್ತಾನೆ. ಅವನೂ ಅವನ ದುಡಿಮೆಯ ಸರಕೂ ಸೇರಿ ಬೀದಿಯ ಹದಿನೈದಿಪ್ಪತ್ತು ಚದರ ಅಡಿಯಲ್ಲಿ ಮುಗಿಯುತ್ತವೆ. ಸಮೀಕ್ಷೆಯ ಹಾಳೆಯಲ್ಲಿ ಅವನು ‘ದ್ವಿಚಕ್ರ, ಒಂದು’ ಅಷ್ಟೇ.

ಇನ್ನು ಜೀವದ ಮಾತು. ಜಾಗ ಉಳಿಸುತ್ತದೆಂದು ಬೈಕನ್ನು ಹೊಗಳಿ ಸುಮ್ಮನಾದರೆ ನನ್ನ ಮನಸ್ಸು ಒಪ್ಪದು. ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ; ಅವರಲ್ಲಿ 74,897 ಮಂದಿ ದ್ವಿಚಕ್ರ ವಾಹನದ ಮೇಲಿದ್ದವರು. ಕಾರಿನ ಸುತ್ತ ತಗಡಿದೆ, ಬೈಕಿನವನ ಸುತ್ತ ಗಾಳಿ ಮಾತ್ರ. ಹೆಲ್ಮೆಟ್ಟಿನ ವಿಷಯದಲ್ಲಿ, ಹಿಂಬದಿ ಸವಾರರದೂ ಸೇರಿ, ತಾವು ಎಷ್ಟು ಬಿಗಿಯಾದರೂ ನನ್ನ ಬೆಂಬಲವಿದೆ. ಪಾದಚಾರಿ ಮಾರ್ಗದ ಮೇಲೆ ಬೈಕು ಹತ್ತಿಸುವವರಿಗೂ ದಯೆ ತೋರಬೇಡಿ. ಅದು ನಡೆದುಹೋಗುವವರ ಹಿಸ್ಸೆ, ಅದಕ್ಕೆ ಪಾಲುದಾರರಿಲ್ಲ. ಮೇಲೆ ಹೇಳಿದ ವೇಗದ ಲೆಕ್ಕವೂ ಇಲ್ಲಿಗೆ ಅನ್ವಯಿಸುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಿಂದ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳನ್ನು ಹೊರಗಿಟ್ಟಾಗ ಮಂಡ್ಯದ ನಮ್ಮ ಬಂಧುಗಳು ಬೇಸರಪಟ್ಟರು. ನನಗೆ ಅದು ಸರಿಯೆನಿಸಿತು. ಅಂಥ ವೇಗದಲ್ಲಿ ಬೈಕು ಉಳಿಸುವ ಜಾಗ ನಗಣ್ಯ, ಕಳೆಯುವ ಜೀವ ಮಾತ್ರ ದೊಡ್ಡದು. ಆದರೆ ಹೊರಗಿಟ್ಟ ಮೇಲೆ ಅವರಿಗೆ ಕೊಟ್ಟ ಪಕ್ಕದ ರಸ್ತೆ ಎಲ್ಲೂ ತುಂಡಾಗದೆ ಊರಿಂದೂರಿಗೆ ಸಾಗಬೇಕು ಎಂಬುದು ಅಷ್ಟೇ ಸರಿ. ಮಲೇಷ್ಯಾದವರು ಕೌಲಾಲಂಪುರದ ಫೆಡರಲ್ ಹೆದ್ದಾರಿಯ ಬದಿಯಲ್ಲಿ ಬೈಕುಗಳಿಗೆ ಬೇರೆಯೇ ಪಥವನ್ನು 1970ರ ದಶಕದಲ್ಲೇ ಹಾಕಿದರು.

ಕೊನೆಯದಾಗಿ, ನನ್ನನ್ನು ಈ ಪತ್ರ ಬರೆಯಲು ಕೂರಿಸಿದ ಆತಂಕವನ್ನು ತಿಳಿಸುತ್ತೇನೆ. 2011ರಲ್ಲಿ ಬೆಲ್ಜಿಯಂನ ಲ್ಯೂವೆನ್ ಪಟ್ಟಣದ ಸಂಶೋಧಕರು ಅಲ್ಲಿಂದ ಬ್ರಸೆಲ್ಸಿಗೆ ಹೋಗುವ ಹೆದ್ದಾರಿಯನ್ನು ತೆಗೆದುಕೊಂಡು ಲೆಕ್ಕ ಹಾಕಿದರು. ಬೆಳಗಿನ ದಟ್ಟಣೆಯಲ್ಲಿ ಕಾರಿನಲ್ಲಿ ಹೋಗುವ ಹತ್ತು ಮಂದಿಯಲ್ಲಿ ಒಬ್ಬರು ಬೈಕಿಗೆ ಬದಲಾದರೆ, ದಟ್ಟಣೆಯಲ್ಲಿ ಒಟ್ಟಾರೆ ಕಳೆದುಹೋಗುವ ಹೊತ್ತು ಶೇಕಡಾ 40ರಷ್ಟು ಕಡಿಮೆಯಾಗುತ್ತದೆ ಎಂದು ಅವರಿಗೆ ಕಂಡಿತು. ತುಂಬಿ ತುಳುಕುವ ಪಾತ್ರೆಯಿಂದ ಒಂದು ಬೊಗಸೆ ತೆಗೆದರೂ ತುಳುಕುವುದು ನಿಲ್ಲುತ್ತದಲ್ಲ, ಹಾಗೆ. ನಮ್ಮಲ್ಲಿ ಪಾತ್ರೆ ತುಂಬುತ್ತಿರುವುದು ಎದುರು ದಿಕ್ಕಿನಲ್ಲಿ. ದೇಶದಲ್ಲಿ ನೋಂದಣಿಯಾದ ವಾಹನಗಳಲ್ಲಿ ಸುಮಾರು ಮುಕ್ಕಾಲು ಪಾಲು ದ್ವಿಚಕ್ರ ವಾಹನಗಳು. ಮೈಸೂರು ಇಂದಿಗೂ ಓಡಾಡಬಲ್ಲ ಊರಾಗಿ ಉಳಿದಿದ್ದರೆ ಅದರಲ್ಲಿ ಸ್ಕೂಟರಿನವರ ಪಾಲು ದೊಡ್ಡದು. ಬೈಕು ನಿಲ್ಲಿಸಲು ಜಾಗವಿಲ್ಲ, ಸಿಗ್ನಲಿನಲ್ಲಿ ನೆಲೆಯಿಲ್ಲ, ಜೀವಕ್ಕೆ ಭದ್ರತೆಯಿಲ್ಲ ಎಂದು ಆ ಮುಕ್ಕಾಲು ಪಾಲಿನಲ್ಲಿ ಹತ್ತಕ್ಕೊಬ್ಬರು ಬೇಸತ್ತು ಕಾರಿಗೆ ಬದಲಾದರೆ, ಅವರು ಬಿಟ್ಟುಹೋದ 14 ಚದರ ಅಡಿಯ ಬದಲಿಗೆ ತಲೆಗೆ 72 ಚದರ ಅಡಿಯನ್ನು ಎಲ್ಲಿಂದ ತರುವುದು? ನಮ್ಮ ಬೀದಿಯಲ್ಲಿಯೇ ಎರಡೂ ಬದಿಗೆ ಕಾರುಗಳು ನಿಂತು ನಡುವೆ ಒಂದೇ ವಾಹನಕ್ಕೆ ದಾರಿ ಉಳಿದಿದೆ. ಕಸದ ಗಾಡಿ ಬಂದ ಹೊತ್ತಿಗೆ ಶಾಲೆಯ ವ್ಯಾನು ಬಂದರೆ ಒಂದು ಮೂಲೆಯವರೆಗೂ ಹಿಂದಕ್ಕೆ ಹೋಗಬೇಕು.

ಎಲ್ಲವನ್ನೂ ಒಂದೇ ಸಲ ಮಾಡಿ ಎಂದು ಕೇಳುತ್ತಿಲ್ಲ. ಒಂದು ಸಿಗ್ನಲಿನಲ್ಲಿ ಬೈಕಿನ ಚೌಕ, ಒಂದು ಅಂಗಡಿ ಬೀದಿಯ ಒಂದು ಬದಿಯಲ್ಲಿ ಬೈಕಿನ ಅಂಕಣ, ಇಷ್ಟನ್ನು ಮೂರು ತಿಂಗಳ ಮಟ್ಟಿಗೆ ಮಾಡಿ ನೋಡಿ. ಗುರುತು ಹಾಕುವ ಮೊದಲು ಒಂದು ವಾರ, ಆಮೇಲೆ ಒಂದು ವಾರ, ಅದೇ ಹೊತ್ತಿನಲ್ಲಿ ಎಣಿಸಿ: ವಾಹನ ಎಷ್ಟು, ಅದರಲ್ಲಿ ಜನ ಎಷ್ಟು, ಕೆಂಪು ದೀಪದಲ್ಲಿ ಸಾಲು ಎಷ್ಟು ಮೀಟರ್ ಬೆಳೆಯಿತು, ಪಾದಚಾರಿಗಳ ಪಟ್ಟೆಯ ಮೇಲೆ ಎಷ್ಟು ಚಕ್ರ ನಿಂತವು. ದಸರೆಯ ದಿನಗಳನ್ನು ಈ ಎಣಿಕೆಗೆ ಸೇರಿಸಬೇಡಿ, ಆಗಿನ ಜನಸಂದಣಿ ವರ್ಷದ ಉಳಿದ ದಿನಗಳಿಗೆ ಮಾನವಾಗದು. ಬಂದ ಅಂಕಿಗಳನ್ನು ವಾರ್ಡ್ ಕಚೇರಿಯ ಫಲಕದಲ್ಲಿ ಹಾಕಿದರೆ ಅಂಗಡಿಯವರೂ ಆಟೊದವರೂ ಓದಿ ತಮ್ಮ ಮಾತು ಹೇಳುತ್ತಾರೆ. ಎಣಿಸಲು, ಅಳೆಯಲು ಕೈ ಬೇಕಾದರೆ ನಾನೂ ನನ್ನಂತೆ ನಿವೃತ್ತರಾದ ಇಬ್ಬರು ಮೋಜಣಿದಾರರೂ ಸಂಭಾವನೆಯಿಲ್ಲದೆ ಬರುತ್ತೇವೆ. ಬೆಳಗ್ಗೆ ಎಂಟರಿಂದ ಹತ್ತು, ಸಂಜೆ ಐದರಿಂದ ಏಳು ನಮಗೆ ಅನುಕೂಲ. ಟೇಪು ನಮ್ಮದೇ ಇದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಭೂಮಾಪಕ,
ಸರಸ್ವತೀಪುರಂ, ಮೈಸೂರು